ಮುಳ್ಳು ಸೊನ್ನೆ

ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನಿಗೆ ಅಲ್ಲಿನವರು ಇಟ್ಟ ಹೆಸರು ಅರ್ಧಗಂಟೆ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಒತ್ತಡ ತೋರಿಸುವ ಮುಳ್ಳನ್ನು, ನೀರಿನ ಮಟ್ಟ ತೋರಿಸುವ ಗಾಜನ್ನು ನೋಡಬೇಕು, ಬಂದು ಪುಸ್ತಕದಲ್ಲಿ ಬರೆಯಬೇಕು. ಊಟದ ನಡುವೆ ಹೊತ್ತಾದರೆ ಎಂಜಲು ಕೈ ಮೇಲೆತ್ತಿಕೊಂಡು ಎಡಗೈಯಲ್ಲಿ ಗೀಚುತ್ತಿದ್ದ. ಮೂವತ್ತೊಂದು ವರ್ಷದ ಪುಸ್ತಕಗಳು ಮನೆಯ ಅಟ್ಟದ ಮೇಲೆ ಪೇರಿಕೊಂಡಿದ್ದವು. ಅವನ ಹೆಂಡತಿ ಅವನ್ನು ನನ್ನ ಸವತಿಯರು ಎಂದು ಕರೆಯುತ್ತಿದ್ದಳು.

ಅಂಥವನ ಕೆಲಸದ ಸರ್ಟಿಫಿಕೇಟನ್ನೇ ಬಾಯ್ಲರ್ ತಪಾಸಣೆ ಇಲಾಖೆ ರದ್ದು ಮಾಡಿತು ನೋಡಿ! ಆವಿ ಹೆಚ್ಚಾದರೆ ತಾನಾಗಿ ತೆರೆದುಕೊಳ್ಳಬೇಕಾದ ಸೇಫ್ಟಿ ವಾಲ್ವನ್ನು ತಂತಿಯಿಂದ ಬಿಗಿದು ಕಟ್ಟಿದ್ದಾನೆ, ಇದು ಕಳೆದ ತಿಂಗಳ ಎರಡನೇ ವಾರದ ತಪಾಸಣೆಯಲ್ಲಿ ಕಂಡುಬಂದಿದೆ ಎಂದು ನೋಟಿಸು. ಬಾಯ್ಲರ್ ಕೆಲಸದವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ವಾಲ್ವ್ ಕಟ್ಟಿದವನು ಎಂದರೆ ಕೊಲೆಗೆ ಹೊಂಚು ಹಾಕಿದವನು ಎಂದೇ ಅರ್ಥ. ಸರ್ಟಿಫಿಕೇಟ್ ಹೋಯಿತೆಂದರೆ ಕೆಲಸವೂ ಹೋಯಿತು, ಐವತ್ತೇಳನೇ ವಯಸ್ಸಿನಲ್ಲಿ ಮರ್ಯಾದೆಯೂ ಹೋಯಿತು. ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದು ನೋಟಿಸಿನ ಕೊನೆಯ ಸಾಲಿನಲ್ಲಿತ್ತು. ಸಲ್ಲಿಸಿದ.

ಹಾಗೆ ಅವನು ಬಂದು ನಿಂತದ್ದು ನಮ್ಮ ಟೈಪಿಸ್ಟಮ್ಮನ ಎದುರಿಗೆ.

ಮೇಲ್ಮನವಿ ಕಚೇರಿಯ ವಿಚಾರಣೆ ಕೋಣೆಯೆಂದರೆ ಒಂದು ಉದ್ದ ಮೇಜು, ಕಾಲು ಕುಂಟುವ ನಾಲ್ಕು ಕುರ್ಚಿ, ತಿರುಗಿದರೆ ಕಿರಗುಟ್ಟುವ ಫ್ಯಾನು, ಮೂಲೆಯಲ್ಲಿ ಅವಳ ಟೈಪ್ ಮಿಷನ್ನು. ಹದಿನೇಳು ವರ್ಷದಿಂದ ಅಲ್ಲಿ ಕೂತು ಬೇರೆಯವರ ಮಾತನ್ನು ಬಡಿಯುವುದೇ ಅವಳ ಕೆಲಸ. ಲೈಸೆನ್ಸ್ ಕಳೆದುಕೊಂಡ ಡ್ರೈವರುಗಳು, ಅಂಗಡಿಗೆ ಬೀಗ ಬಿದ್ದವರು, ಪೆನ್ಷನ್ ನಿಂತ ವಿಧವೆಯರು, ಎಲ್ಲರ ಗೋಳೂ ಅವಳ ಹತ್ತು ಬೆರಳಿನಿಂದಲೇ ಕಡತಕ್ಕೆ ಇಳಿಯಬೇಕು. ಟೈಪಿಂಗ್ ಕಲಿಸಿದ ಮೇಷ್ಟ್ರು ಒಂದೇ ಪಾಠ ತಲೆಗೆ ತುಂಬಿದ್ದರು: "ಕಿವಿಗೆ ಬಿದ್ದಿದ್ದು ಕಾಗದಕ್ಕೆ ಬೀಳ್ಬೇಕು. ಮಧ್ಯದಲ್ಲಿ ನೀನು ಇರ್ಬಾರ್ದು." ಅವಳು ಇರುತ್ತಿರಲಿಲ್ಲ. ಯಾರ ಕಥೆಯನ್ನೂ ಮನೆಗೆ ಒಯ್ಯುತ್ತಿರಲಿಲ್ಲ.

ಅಂದು ಅರ್ಧಗಂಟೆ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಒಂದು ದಪ್ಪ ಪುಸ್ತಕ ಇಟ್ಟುಕೊಂಡು ಬಂದ. ಹಿಂದೆ ಹೆಂಡತಿ, ಕೈಯಲ್ಲಿ ಬುತ್ತಿ ಚೀಲ. ಮೇಲ್ಮನವಿ ಸಾಹೇಬರು ಕೂತ ಕೂಡಲೇ ಗಡಿಯಾರ ನೋಡಿದರು.

"ಆ ವಾರ ತಪಾಸಣೆಗೆ ಯಾರೂ ಬಂದಿಲ್ಲ ಸ್ವಾಮಿ," ಅಂದ ಅರ್ಧಗಂಟೆ. "ಯಾವ ದಿನ, ಎಷ್ಟು ಹೊತ್ತಿಗೆ ಬಂದ್ರು ಅಂತ ನೋಟಿಸಲ್ಲೂ ಇಲ್ಲ. ಆ ವಾರದ್ದೆಲ್ಲಾ ಈ ಪುಸ್ತಕದಲ್ಲಿದೆ, ನೋಡಿ."

ಸಾಹೇಬರು ಪುಸ್ತಕವನ್ನು ಮುಟ್ಟಲಿಲ್ಲ. "ದಾಖಲೆ ಕೊಡೋ ಗಡುವು ನಿನ್ನೆಗೇ ಮುಗೀತು. ಇವತ್ತು ತಗೊಳ್ಳೋಕಾಗಲ್ಲ."

"ಅಯ್ಯೋ, ಒಂದೇ ದಿನ ಅಲ್ವಾ ಸ್ವಾಮಿ?" ಎಂದಳು ಹೆಂಡತಿ.

"ಒಂದು ದಿನವೂ ದಿನಾನೇ. ಏನಿದ್ರೂ ಬಾಯಲ್ಲಿ ಹೇಳ್ಬಹುದು, ಅದಕ್ಕೆ ಗಡುವಿಲ್ಲ."

ಅರ್ಧಗಂಟೆ ಕನ್ನಡಕ ಏರಿಸಿ ಪುಸ್ತಕ ಬಿಚ್ಚಿದ. "ಹಾಗಾದ್ರೆ ಬಾಯಲ್ಲೇ ಹೇಳ್ತೀನಿ. ಸೋಮವಾರ. ಎಂಟು ಗಂಟೆ. ಮುಳ್ಳು ನಾಲ್ಕು. ನೀರು ಅರ್ಧ ಗಾಜು. ವಾಲ್ವ್ ಎತ್ತಿ ನೋಡಿದೆ, ಸರಾಗ. ಬರ್ಕೊಂಡ್ರಾಮ್ಮಾ?"

ಟೈಪಿಸ್ಟಮ್ಮ ತಲೆಯಾಡಿಸಿದಳು.

"ಎಂಟೂವರೆ. ಮುಳ್ಳು ಆರು. ನೀರು ಅರ್ಧ ಗಾಜು. ಬರ್ಕೊಂಡ್ರಾಮ್ಮಾ?"

ದಿನಕ್ಕೆ ಹದಿನೇಳು ಸಾಲು, ಏಳು ದಿನ. ಮೊದಲು ಇಲಾಖೆಯ ವಕೀಲರು ಮುಸಿಮುಸಿ ನಕ್ಕರು, ಆಮೇಲೆ ಆಕಳಿಸಿದರು, ಆಮೇಲೆ ಕಣ್ಣು ಮುಚ್ಚಿಯೇ ಬಿಟ್ಟರು. ಟೈಪಿಸ್ಟಮ್ಮ ಮನಸ್ಸಿನಲ್ಲೇ ಅವನನ್ನು ಶಪಿಸುತ್ತಿದ್ದಳು. ಎಲ್ಲಿಂದ ಗಂಟುಬಿದ್ದ ಈ ಮಹಾರಾಯ! ಅವಳ ಬಲಗೈ ಮಣಿಕಟ್ಟು ಮೊದಲೇ ನೋವು, ಅತ್ತೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ನೀವಿ ಕಳಿಸುತ್ತಿದ್ದರು. ಪುಸ್ತಕದ ಮಂಗಳವಾರ ಮುಗಿಯುವ ಹೊತ್ತಿಗೆ ಸಾಹೇಬರಿಗೂ ರೋಸಿಹೋಯಿತು.

"ಸಾಕು ಬಿಡ್ರೀ. 'ಪುಸ್ತಕ ಓದಿದರು' ಅಂತ ಒಂದು ಸಾಲು ಹಾಕಿ."

"ಆಯ್ತು ಸರ್," ಅಂದಳು ಅವಳು. ಆಮೇಲೆ ಬಾಯಿ ತಪ್ಪಿ ಇನ್ನೊಂದು ಮಾತು ಬಂತು. "ಮಿಕ್ಕಿದ್ದು ಬೇಡ ಅಂತ ತಾವು ಹೇಳಿದ್ದನ್ನೂ ಹಾಕ್ಲಾ ಸರ್? ಅದೂ ಕಿವಿಗೆ ಬಿತ್ತಲ್ಲ."

ಧೈರ್ಯದಿಂದ ಹೇಳಿದ್ದಲ್ಲ ಅದು, ಮೇಷ್ಟ್ರ ಪಾಠ ತಾನಾಗಿ ಹೊರಬಿದ್ದದ್ದು. ಸಾಹೇಬರು ಅವಳನ್ನು ದುರುಗುಟ್ಟಿ ನೋಡಿದರು. "ಹಾಳಾಗಿ ಹೋಗ್ಲಿ, ಪೂರ್ತಿ ಬರೀರಿ," ಎಂದು ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಬುಧವಾರ ಕಳೆದು ಗುರುವಾರ ಬಂತು. ಗುರುವಾರ ಬಾಯ್ಲರ್ ಆರಿಸಿ ಒಳಗೆ ತೊಳೆಯುವ ದಿನವಂತೆ. ಬೆಂಕಿಯೇ ಇಲ್ಲ. ಸದ್ಯ ಆ ದಿನ ತಪ್ಪಿತು ಎಂದುಕೊಂಡಳು ಟೈಪಿಸ್ಟಮ್ಮ. ಎಲ್ಲಿ ತಪ್ಪುತ್ತೆ!

"ಎಂಟು ಗಂಟೆ. ಮುಳ್ಳು ಸೊನ್ನೆ. ಬಾಗಿಲು ಬಿಚ್ಚುತ್ತಿದ್ದೇನೆ. ಬರ್ಕೊಂಡ್ರಾಮ್ಮಾ? ಎಂಟೂವರೆ. ಮುಳ್ಳು ಸೊನ್ನೆ. ತಣಿಯಲು ಬಿಟ್ಟಿದ್ದೇನೆ. ಬರ್ಕೊಂಡ್ರಾಮ್ಮಾ?"

ಒಲೆ ಉರಿಯದ ದಿನ ಹಾಲು ಉಕ್ಕಲಿಲ್ಲ ಎಂದು ಯಾರಾದರೂ ಗಳಿಗೆಗೊಮ್ಮೆ ಬರೆದಿಡುತ್ತಾರೆಯೇ? ಈ ಮನುಷ್ಯ ಬಾಯ್ಲರಿನ ಹೊಟ್ಟೆಯೊಳಗೆ ಇಳಿದು, ಗೋಡೆಗೆ ಕಟ್ಟಿದ ಸುಣ್ಣದ ಕಿಟ್ಟವನ್ನು ಕೆರೆಯುತ್ತಾ, ಅರ್ಧ ಗಂಟೆಗೊಮ್ಮೆ ಹೊರಗೆ ಹತ್ತಿ ಬಂದು ಸೊನ್ನೆ ಬರೆದು ಮತ್ತೆ ಇಳಿದಿದ್ದ. ಅವಳ ಮಣಿಕಟ್ಟು ಚುರುಚುರು ಎನ್ನುತ್ತಿತ್ತು. ಹತ್ತು ಗಂಟೆ, ಸೊನ್ನೆ. ಹತ್ತೂವರೆ, ಸೊನ್ನೆ. ಮುಂದಿನದಕ್ಕೆ ಅವಳು ಹದಿನೇಳು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ಸಾಲು ಪೂರ್ತಿ ಬಡಿಯದೆ 'ಅದೇ' ಎಂದು ಎರಡೇ ಅಕ್ಷರ ಹಾಕಿ ಸುಮ್ಮನಾದಳು.

ಅರ್ಧಗಂಟೆ ಓದುವುದನ್ನು ನಿಲ್ಲಿಸಿದ. ತಲೆ ಓರೆ ಮಾಡಿದ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಈ ಸಲ ನಿಮ್ಮ ಮಿಷನ್ನು ಕಡಿಮೆ ಬಡೀತು."

ಅವನು ಕೂತ ಜಾಗದಿಂದ ಅವಳ ಹಾಳೆ ಕಾಣುವ ಹಾಗಿರಲಿಲ್ಲ. ಆದರೆ ಮೂವತ್ತೊಂದು ವರ್ಷ ಯಂತ್ರದ ಸದ್ದನ್ನೇ ಕೇಳಿಕೊಂಡು ಬದುಕಿದ ಕಿವಿ ಅದು, ಅದಕ್ಕೆ ಕಣ್ಣು ಯಾಕೆ ಬೇಕು? ಅವಳು ಕಮಕ್ ಕಿಮಕ್ ಎನ್ನದೆ 'ಅದೇ' ಮೇಲೆ ಗೀಟು ಬಡಿದು ಹೊಸ ಸಾಲು ಹಿಡಿದಳು. ಅವನು ಇನ್ನೊಮ್ಮೆ, ನಿಧಾನವಾಗಿ ಓದಿದ. "ಹನ್ನೊಂದು ಗಂಟೆ. ಮುಳ್ಳು ಸೊನ್ನೆ. ಒಳಗೆ ಇಳಿದಿದ್ದೇನೆ. ಕಿಟ್ಟ ಕೆರೆಯುತ್ತಿದ್ದೇನೆ. ಬರ್ಕೊಂಡ್ರಾಮ್ಮಾ?"

"ಬರ್ಕೊಂಡೆ ಯಜಮಾನ್ರೇ," ಅಂದಳು. ಅಂದು ಅವಳು ಅವನಿಗೆ ಬಾಯಿಬಿಟ್ಟು ಕೊಟ್ಟ ಉತ್ತರ ಅದೊಂದೇ.

ಓದಿ ಮುಗಿದಾಗ ಸಾಹೇಬರು ಇಲಾಖೆಯ ವಕೀಲರನ್ನು ಕೇಳಿದರು, "ಪ್ರಶ್ನೆ ಏನಾದ್ರೂ?" ವಕೀಲರು ಬೆಚ್ಚಿ ಕಣ್ಣುಬಿಟ್ಟು, ಏನೂ ಇಲ್ಲ ಎಂದರು. ಅದನ್ನೂ ಬಡಿದಳು.

ಹದಿನೈದು ದಿನಕ್ಕೆ ಆದೇಶ ಬಂತು. ಟೈಪ್ ಮಾಡಿದ್ದೂ ಅವಳೇ. ಮೂರೇ ಸಾಲು: ತಪಾಸಣಾ ವರದಿ ಸ್ಪಷ್ಟವಾಗಿದೆ, ಮೇಲ್ಮನವಿಯಲ್ಲಿ ಹುರುಳಿಲ್ಲ, ವಜಾ. ಅವಳು ಬಡಿದ ಪುಟಗಳ ಪ್ರಸ್ತಾಪವೇ ಇಲ್ಲ. ಎಲಾ ಇವರ! ಅಷ್ಟು ಪುಟವನ್ನು ತಿರುವಿ ಕೂಡ ನೋಡಿರಲಿಲ್ಲ. ಅಂದು ಮೊದಲ ಸಲ ಅವಳು ಕಚೇರಿಯ ಕಥೆಯನ್ನು ಮನೆಗೆ ಒಯ್ದಳು. ಮರುದಿನ ಬೆಳಿಗ್ಗೆ ಎಣ್ಣೆ ನೀವುತ್ತಿದ್ದ ಅತ್ತೆ ಕೇಳಿ, "ಪಾಪ, ಆ ಪುಣ್ಯಾತ್ಮ ಇನ್ನೇನು ಮಾಡ್ತಾನಂತೆ?" ಅಂದರು. ಅವಳಿಗೂ ಗೊತ್ತಿರಲಿಲ್ಲ.

ಅವನು ಮಾಡಿದ್ದಿಷ್ಟೆ: ಆದೇಶದ ಕೊನೆಯ ಸಾಲು ಓದಿದ. ಮೇಲಿನ ನ್ಯಾಯಾಲಯಕ್ಕೆ ಹೋಗಬಹುದು ಎಂದಿತ್ತು. ಹೋದ.

ಹದಿನಾಲ್ಕು ತಿಂಗಳ ಮೇಲೆ ನ್ಯಾಯಾಲಯದಿಂದ ಮೂಲ ಕಡತ ತನ್ನಿ ಎಂದು ಕರೆ ಬಂತು. ಒಯ್ಯಬೇಕಾದ ಗುಮಾಸ್ತ ರಜೆಯಲ್ಲಿದ್ದ. ನಾನೇ ಒಯ್ಯುತ್ತೇನೆ ಎಂದು ಟೈಪಿಸ್ಟಮ್ಮ ತಾನಾಗಿ ಎದ್ದಳು.

ಎತ್ತರದ ಸೂರು, ಕರಿ ಕೋಟುಗಳು, ಕೆಮ್ಮಲೂ ಹೆದರಿಕೆಯಾಗುವಷ್ಟು ಮೌನ. ಕಡತವನ್ನು ಮುಂದೆ ಕೊಟ್ಟು ಅವಳು ಕೊನೆಯ ಬೆಂಚಿನಲ್ಲಿ ಕೂತಳು. ಅರ್ಧಗಂಟೆ ಅದೇ ಅಂಗಿಯಲ್ಲಿದ್ದ, ಕಾಲರು ಸವೆದಿತ್ತು, ಮೈ ಇಳಿದಿತ್ತು. ಮೂವತ್ತೊಂದು ವರ್ಷ ಬಾಯ್ಲರ್ ಕಾದವನು ಈಗ ಯಾವುದೋ ಗೋದಾಮಿನ ಗೇಟು ಕಾಯುತ್ತಿದ್ದನಂತೆ.

"ವಕೀಲರು ಇಲ್ವಾ?" ಎಂದು ಕೇಳಿದರು ನ್ಯಾಯಾಧೀಶೆ. ಬಿಳಿಗೂದಲಿನ ಹಿರಿಯ ಹೆಂಗಸು.

"ಹೇಳೋದೆಲ್ಲಾ ಹೇಳಿಯಾಗಿದೆ ತಾಯಿ. ಬೇಕಾದ್ರೆ ಈ ಪುಸ್ತಕ…"

"ಪುಸ್ತಕ ಬೇಡ. ಇಲ್ಲಿ ಹೊಸದು ಏನನ್ನೂ ತಗೊಳ್ಳೋ ಹಾಗಿಲ್ಲ. ಕೆಳಗಡೆ ಕಡತದಲ್ಲಿ ಏನಿದೆಯೋ ಅದಷ್ಟೇ ನಾನು ನೋಡೋದು."

ಅವನ ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಟೈಪಿಸ್ಟಮ್ಮ ಬೆಂಚಿನ ತುದಿಗೆ ಸರಿದಳು. ಪುಸ್ತಕ ಬೇಡ ಎಂದರೆ ಉಳಿದದ್ದು ಏನು? ತಾನು ಬಡಿದ ಹಾಳೆಗಳು. ಅಷ್ಟೇ.

ನ್ಯಾಯಾಧೀಶೆ ಪುಟ ತಿರುವಿದರು. ಅವಸರವಿಲ್ಲದೆ, ಒಂದೊಂದಾಗಿ. ಇಷ್ಟು ವರ್ಷದಲ್ಲಿ ತನ್ನ ಹಾಳೆಗಳನ್ನು ಒಬ್ಬರು ಕೂತು ಓದುವುದನ್ನು ಅವಳು ಕಂಡದ್ದು ಅದೇ ಮೊದಲು. ಒಂದು ಕಡೆ ಬೆರಳು ನಿಂತಿತು. ಅವರು ಕಡತದ ಹಿಂಭಾಗಕ್ಕೆ ಹೋದರು, ಮತ್ತೆ ಮುಂದೆ ಬಂದರು.

"ಇನ್ಸ್‌ಪೆಕ್ಟರರ ಟಿಪ್ಪಣಿ ಇಲ್ಲಿದೆ," ಎಂದರು ಇಲಾಖೆಯ ವಕೀಲರಿಗೆ. "ಗುರುವಾರ, ಹನ್ನೊಂದು ಗಂಟೆ. ವಾಲ್ವಿಗೆ ತಂತಿ, ಪಕ್ಕದಿಂದ ಆವಿ ಜೋರಾಗಿ ಸೋರುತ್ತಿತ್ತು. ಇದನ್ನ ಇವರಿಗೆ ತೋರಿಸಿದ್ರಾ?"

"ಅದು… ಇಲಾಖೆಯ ಒಳಗಿನ ಟಿಪ್ಪಣಿ, ಮೇಡಂ."

"ಅದೇ ಗುರುವಾರ, ಅದೇ ಹನ್ನೊಂದು ಗಂಟೆ. ಇಪ್ಪತ್ತೆರಡನೇ ಪುಟದಲ್ಲಿ ಇವರ ಹೇಳಿಕೆ ಕೇಳಿ." ಅವರು ಗಟ್ಟಿಯಾಗಿ ಓದಿದರು. "ಹನ್ನೊಂದು ಗಂಟೆ. ಮುಳ್ಳು ಸೊನ್ನೆ. ಒಳಗೆ ಇಳಿದಿದ್ದೇನೆ. ಕಿಟ್ಟ ಕೆರೆಯುತ್ತಿದ್ದೇನೆ."

ಅದೇ ಸಾಲು! ನೂರ ಹತ್ತೊಂಬತ್ತು ಸಾಲಿನಲ್ಲಿ ಟೈಪಿಸ್ಟಮ್ಮ ನುಂಗಿಹಾಕಲು ಹೋದದ್ದು ಅದೊಂದನ್ನೇ.

"ಆ ದಿನ ಬಾಯ್ಲರ್ ಆರಿಸಿ ತೊಳೆಯೋಕೆ ನಿಮ್ಮ ಇಲಾಖೆಯೇ ಕೊಟ್ಟ ಅನುಮತಿ ಆರನೇ ಪುಟದಲ್ಲಿದೆ, ನಿಮ್ಮದೇ ಮುದ್ರೆ. ಮನುಷ್ಯ ಇಳಿದು ಕೂತಿರೋ ಬಾಯ್ಲರಿಂದ ಆವಿ ಹೇಗ್ರೀ ಸೋರುತ್ತೆ? ಆ ದಿನ ಮೂರು ಕಡೆ ತಪಾಸಣೆ ಮಾಡಿ, ಮೂರನ್ನೂ ಸಂಜೆ ಒಟ್ಟಿಗೆ ಕೂತು ನೆನಪಿನಿಂದ ಬರ್ದಿದ್ದು ಅಂತ ಟಿಪ್ಪಣಿಯ ಅಡಿಯಲ್ಲೇ ಇದೆ. ಯಾರ ಮನೆಯ ವಾಲ್ವೋ ಯಾರ ತಲೆಗೋ! ಇವರು ಓದಿದಾಗ ನೀವು ಒಂದಾದ್ರೂ ಪ್ರಶ್ನೆ ಕೇಳಿದ್ರಾ? ಇಲ್ಲ. ಅದೂ ಇಲ್ಲಿ ಬರ್ದಿದೆ." ಅವರು ಕನ್ನಡಕ ತೆಗೆದರು. "ಬರೆದವರು ಯಾರೋ, ಒಂದಕ್ಷರ ಬಿಟ್ಟಿಲ್ಲ."

ರದ್ದು ಮಾಡಿದ ಆದೇಶವೇ ರದ್ದಾಯಿತು. ಸರ್ಟಿಫಿಕೇಟು ವಾಪಸು, ನಾಳೆಯಿಂದಲೇ ಕೆಲಸ ವಾಪಸು. ಅರ್ಧಗಂಟೆ ಕೈಮುಗಿದು ನಿಂತೇ ಇದ್ದ, ಮುಂದಿನವರ ಹೆಸರು ಕೂಗಿದ ಮೇಲೂ. ಹೆಂಡತಿಯೇ ತೋಳು ಹಿಡಿದು ಹೊರಗೆ ಕರೆತಂದಳು.

ಕಾರಿಡಾರಿನ ಕಲ್ಲು ಬೆಂಚಿನ ಹತ್ತಿರ ಟೈಪಿಸ್ಟಮ್ಮ ಅವರನ್ನು ಹಿಡಿದಳು. ತಡೆದುಕೊಳ್ಳಲಾಗದೆ ಹೇಳಿಯೇಬಿಟ್ಟಳು. "ಯಜಮಾನ್ರೇ, ಆ ಸಾಲಿಗೆ ನಾನು ಮೊದ್ಲು 'ಅದೇ' ಅಂತ ಹಾಕಿದ್ದೆ."

"ಗೊತ್ತಲ್ಲಮ್ಮ. ಆಮೇಲೆ ಪೂರ್ತಿ ಬಡಿದ್ರಲ್ಲ, ಅದೂ ಕೇಳಿಸ್ತು."

"ಅದೇ ಮುಖ್ಯವಾದ ಸಾಲು ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

"ಎಲ್ಲಿಂದ ಗೊತ್ತಾಗ್ಬೇಕು? ಯಾವ ಸಾಲು ಬೇಕಾಗುತ್ತೆ ಅಂತ ಮೊದ್ಲೇ ಗೊತ್ತಿದ್ರೆ ಅದೊಂದೇ ಬರೀತಿದ್ದೆ, ಮೂವತ್ತೊಂದು ವರ್ಷ ಯಾಕೆ ಕೈ ಸವೆಸ್ತಿದ್ದೆ?" ಎಂದು ನಕ್ಕ.

"ಆದ್ರೂ ಬೆಂಕಿನೇ ಇಲ್ಲದ ದಿನ ಸೊನ್ನೆ ಯಾಕೆ ಬರೀಬೇಕು?"

ಅವನ ನಗು ನಿಂತಿತು. ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟು, ನೀರು ಕುಡಿದು ಬರುತ್ತೇನೆ ಎಂದು ನಲ್ಲಿಯ ಕಡೆ ನಡೆದ.

ಹೆಂಡತಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಇವ್ರಿಗೆ ಕೆಲ್ಸ ಕಲಿಸಿದ್ದು ನಮ್ಮಣ್ಣ," ಎಂದಳು. "ಒಂದಿನ ತೊಳೆಯೋಕೆ ಅಣ್ಣ ಒಳಗೆ ಇಳಿದಿದ್ದ. ಪಕ್ಕದ ಬಾಯ್ಲರಿನವನು ಬಂದು ಪುಸ್ತಕ ನೋಡ್ದ. ಆ ಬೆಳಿಗ್ಗೆದು ಏನೂ ಬರ್ದಿರ್ಲಿಲ್ಲ. ಬೆಂಕಿ ಇಲ್ದಾಗ ಬರೆಯೋದೇನು ಅಂತ ಬಿಟ್ಟಿದ್ರು. ಒಳಗೆ ಯಾರೂ ಇಲ್ಲ, ಎಲ್ಲಾ ಮಾಮೂಲಾಗಿದೆ ಅಂದ್ಕೊಂಡು ಅವನು ತನ್ನ ಕಡೆಯ ಆವಿಯನ್ನ ಇದಕ್ಕೆ ತಿರುಗಿಸ್ಬಿಟ್ಟ. ಅಣ್ಣ ಮತ್ತೆ ಹೊರಗೆ ಬರ್ಲಿಲ್ಲ."

"ಬರೀದೆ ಬಿಟ್ಟಿದ್ದು ಯಾರು?" ಎಂದಳು ಟೈಪಿಸ್ಟಮ್ಮ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ಇವ್ರೇ," ಎಂದಳು ಹೆಂಡತಿ. "ಆಗ ನಮ್ಮ ಮದುವೆಯಾಗಿ ಎಂಟು ತಿಂಗಳು. ಒಂದು ವರ್ಷ ನಾನು ಇವ್ರ ಜೊತೆ ಮಾತಾಡ್ಲಿಲ್ಲ. ಇವ್ರು ದಿನಾ ಸಂಜೆ ಬಂದು ಪುಸ್ತಕ ತೆಗ್ದು ನನ್ನ ಮುಂದೆ ಇಡ್ತಿದ್ರು. ಸೊನ್ನೆ ಬರ್ದಿರೋ ದಿನ ಮಾತ್ರ ಬೆರಳಿಟ್ಟು ತೋರಿಸ್ತಿದ್ರು. ಒಂದಿನ ನಾನೇ ಕೇಳ್ದೆ, ಬರ್ಕೊಂಡ್ರಾ ಅಂತ."

ಅರ್ಧಗಂಟೆ ಮುಖ ಒರೆಸಿಕೊಳ್ಳುತ್ತಾ ಬಂದ. "ಹೊರಡೋಣ್ವಾ? ನಾಳೆ ಎಂಟು ಗಂಟೆಗೆ ಡ್ಯೂಟಿ."

"ಹೊಸ ಪುಸ್ತಕ ತಗೋಬೇಕಲ್ಲ," ಎಂದು ಹೆಂಡತಿ ಎದ್ದಳು.

ಅವರಿಬ್ಬರೂ ಮೆಟ್ಟಿಲಿಳಿದು ಹೋಗುವವರೆಗೂ ಟೈಪಿಸ್ಟಮ್ಮ ನೋಡುತ್ತಲೇ ಇದ್ದಳು. ಆಮೇಲೆ ಕಡತವನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು. ಸೀಟುಗಳು ಖಾಲಿಯಿದ್ದವು. ಕೂರಬೇಕೆಂದು ಅವಳಿಗೆ ತೋಚಲೇ ಇಲ್ಲ, ಕಚೇರಿಯವರೆಗೂ ನಿಂತೇ ಬಂದಳು.