ಚೇಚಿ ಆರಿಸಿದ ಹೊಳಪು

ಬಣ್ಣದಂಗಡಿಯವನು ಮೊನ್ನೆ ನಮ್ಮ ಮನೆಗೆ ಬಂದು ಎರಡು ತೇಗದ ತುಂಡುಗಳನ್ನು ಊಟದ ಮೇಜಿನ ಮೇಲಿಟ್ಟ. ಕೊಚ್ಚಿಯ ಈ ಹಳೆಯ ಮನೆಯ ಮಹಡಿಗೆ ಹಾಸಿರುವ ಹಲಗೆಗಳನ್ನು ಉಜ್ಜಿಸಿ ಹೊಸದಾಗಿ ಮೆರುಗು ಹಾಕಿಸಬೇಕೆಂದು ನಿಮ್ಮ ಅಪ್ಪ ಅಮ್ಮ ಮಾತಾಡಿಕೊಂಡಿದ್ದರು. ಒಂದು ತುಂಡಿಗೆ ಎಣ್ಣೆ ಮತ್ತು ಮೇಣ ತಿಕ್ಕಿತ್ತು, ಇನ್ನೊಂದಕ್ಕೆ ವಾರ್ನಿಶ್ ಬಳಿದಿತ್ತು. ವಾರ್ನಿಶಿನ ಘಾಟು ನನ್ನ ಮೂಗಿಗೆ ಬಡಿಯಿತು. ನಿಮ್ಮಮ್ಮ ಹೊಳೆಯುವ ತುಂಡನ್ನೆತ್ತಿ, "ಇದೇ ಚೆನ್ನಾಗಿದೆ ಅಲ್ವಾ ಅತ್ತೆ?" ಎಂದು ಕೇಳಿದಳು. ಹೊರಗಿನವರ ಮುಂದೆ ಬಾಯಿ ಬಿಡದ ನಾನು "ಅದು ಬೇಡ!" ಎಂದು ಕೂಗಿಬಿಟ್ಟೆ. "ಅಜ್ಜಿಕ್ಕ್ ದೇಷ್ಯಂ ವನ್ನು" ಎಂದು ಮಲಯಾಳದಲ್ಲಿ ಹೇಳಿಕೊಂಡು ನೀವಿಬ್ಬರೂ ನಕ್ಕಿರಿ. ಅದು ಕೋಪವಾಗಿರಲಿಲ್ಲ ಮಕ್ಕಳೇ. ಏನಾಗಿತ್ತು ಎಂಬುದನ್ನು ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ನಿಮಗೆ ಕನ್ನಡ ಓದಲು ಬೇಸರವಾದರೆ ಅಪ್ಪನ ಕೈಲಿ ಓದಿಸಿ ಕೇಳಿ.

ಮದುವೆಯಾದ ಹೊಸದರಲ್ಲಿ ನಾನು ಮಂಡ್ಯ ಕಡೆಯ ಹಳ್ಳಿಯಿಂದ ತಿರುವನಂತಪುರಕ್ಕೆ ಬಂದೆ. ನಿಮ್ಮ ತಾತನಿಗೆ ಅಲ್ಲಿ ತುಂಬಾ ಎಂಬ ಕಡೆ ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ. ಒಂದು ಹಳೆಯ ಮನೆಯ ಕೆಳಭಾಗ ನಮಗೆ ಬಾಡಿಗೆಗೆ ಸಿಕ್ಕಿತು. ಅಡುಗೆಮನೆಯ ಒಂದು ಪಾಲು ನಮ್ಮದು, ಇನ್ನೊಂದು ಪಾಲು ಮನೆಯವರದು. ಮನೆಯೊಡತಿಯನ್ನು ನಾನು ಚೇಚಿ ಎಂದು ಕರೆಯುತ್ತಿದ್ದೆ, ಅಂದರೆ ಅಕ್ಕ. ಅವಳ ಗಂಡ ಗಲ್ಫಿನಲ್ಲಿದ್ದ. ಮಕ್ಕಳಿರಲಿಲ್ಲ. ಮಹಡಿಯಲ್ಲಿ ಅವಳೂ ಅವಳ ಅತ್ತೆಯೂ ಇದ್ದರು. ಅತ್ತೆಯನ್ನು ಬೀದಿಯವರೆಲ್ಲ ಅಮ್ಮೂಮ್ಮ, ಅಂದರೆ ಅಜ್ಜಿ, ಎನ್ನುತ್ತಿದ್ದರು.

ಚೇಚಿ ನನಗೆ ಮಲಯಾಳ ಕಲಿಸಿದಳು, ನನ್ನನ್ನು ಮೋಳೇ, ಅಂದರೆ ಮಗಳೇ, ಎಂದು ಕರೆಯುತ್ತಿದ್ದಳು. ರಾಗಿಮುದ್ದೆ ನೆನೆಸಿಕೊಂಡು ನಾನು ಅತ್ತಾಗ ಚಾಲೈ ಪೇಟೆಯನ್ನೆಲ್ಲ ಸುತ್ತಿ ರಾಗಿ ಹುಡುಕಿ ತಂದಳು. ತಾನೇ ತಿರುವಿದಳು, ಅದು ಗಂಜಿಯಾಯಿತು. "ಇದನ್ನು ಕಾಗೆಯೂ ಮುಟ್ಟಲ್ಲ ಮೋಳೇ" ಎನ್ನುತ್ತಲೇ ನನ್ನ ಜೊತೆ ಕುಳಿತು ತಿಂದಳು. ನಿಮ್ಮಪ್ಪ ಹುಟ್ಟಿದಾಗ ನನ್ನ ಅಮ್ಮನಿಗೆ ಅಷ್ಟು ದೂರ ಬರಲಾಗಲಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆದದ್ದು, ನನಗೆ ಬಾಣಂತನ ಮಾಡಿದ್ದು ಎಲ್ಲ ಚೇಚಿಯೇ. ಅಂಥ ಕೈ ಅದು…

ಅಮ್ಮೂಮ್ಮನ ಕೋಣೆ ಮಹಡಿಯ ಹಿಂಬದಿಗಿತ್ತು. ದಿನಾ ಬೆಳಿಗ್ಗೆ ಕೆಲಸದವಳ ಕೈಲಿ ಮೊಣಕಾಲಿನಿಂದ ಪಾದದವರೆಗೆ ಕುಳಂಬು ಹಚ್ಚಿಸಿಕೊಳ್ಳುತ್ತಿದ್ದಳು. ಅದು ಮೂಲಿಕೆ ಹಾಕಿ ಕಾಯಿಸಿದ ಮಂದ ಎಣ್ಣೆ. ಒಂದು ದಿನ ತಪ್ಪಿದರೂ ಕೀಲು ಕಟ್ಟಿಕೊಂಡು ಕಿರುಚುತ್ತಿದ್ದಳು. ಹಚ್ಚಿದ ಮೇಲೆ ಗೋಡೆ ಹಿಡಿದು ಹಲಗೆಗಳ ಮೇಲೆ ನಿಧಾನವಾಗಿ ನಡೆದು ಬೀದಿ ಕಡೆಯ ಕಿಟಕಿ ಸೇರುವಳು. ಅವಳ ಬದುಕೆಲ್ಲ ಆ ಕಿಟಕಿಯಲ್ಲಿತ್ತು. ಮೀನಿನವಳನ್ನು ಬೈಯುವುದು, ಹಾಲಿನವನನ್ನು ನಿಲ್ಲಿಸಿ ಊರಿನ ಸುದ್ದಿ ಹಿಂಡುವುದು, ಜೊತೆಗೆ ಸೊಸೆಯನ್ನು ಹರಾಜು ಹಾಕುವುದು. "ನನ್ನ ಮಗ ಕಟ್ಟಿಕೊಂಡು ಬಂದದ್ದು ಹೆಂಡತಿಯನ್ನಲ್ಲ ಕಣೇ, ಕಾಲೊರೆಸನ್ನ" ಎಂದು ಮೀನಿನವಳಿಗೆ ಕೂಗಿ ಹೇಳುವಾಗ ಚೇಚಿ ಕೆಳಗೆ ನನ್ನ ಪಕ್ಕದಲ್ಲೇ ತೆಂಗಿನಕಾಯಿ ತುರಿಯುತ್ತಿರುತ್ತಿದ್ದಳು. ಅವಳ ಕೈ ನಿಲ್ಲುತ್ತಿರಲಿಲ್ಲ.

ಆ ನೆಲಕ್ಕೆ ಎಣ್ಣೆ ಉಣಿಸಿ ಮೇಣ ತಿಕ್ಕುವುದು ಮದುವೆಯಾದಂದಿನಿಂದ ಚೇಚಿಯ ಕೆಲಸ. ಮೊಣಕಾಲೂರಿ ತೆಂಗಿನ ಸಿಪ್ಪೆಯಿಂದ ಅವಳು ತಿಕ್ಕುತ್ತ ಹೋದರೆ, ಅಮ್ಮೂಮ್ಮ ಎಣ್ಣೆಗಾಲಿನಲ್ಲಿ ಹಿಂದೆಯೇ ನಡೆದು ಬಂದು "ಇಲ್ಲಿ ಹೆಜ್ಜೆ ಉಳಿದಿದೆ ನೋಡು" ಎನ್ನುವಳಂತೆ.

ಒಂದು ವರ್ಷ ಹಲಗೆಗಳು ತೀರ ಕಪ್ಪಾದವೆಂದು, ಗಂಡ ರಜೆಗೆ ಬರುವ ಮೊದಲು ನೆಲ ಉಜ್ಜಿಸಲು ಚೇಚಿ ಆಶಾರಿಯನ್ನು, ಅಂದರೆ ಬಡಗಿಯನ್ನು ಕರೆಸಿದಳು. ಅವನೊಬ್ಬ ಬಾಯಿಬಡುಕ. ಮಾದರಿಗೆಂದು ಒಂದು ಹಲಗೆಗೆ ಎಣ್ಣೆ ಮೇಣ ತಿಕ್ಕಿ, ಇನ್ನೊಂದಕ್ಕೆ ವಾರ್ನಿಶ್ ಹೊಡೆದು, ಒಣಗಿಸಿ ಜಗಲಿಯಲ್ಲಿಟ್ಟ. "ವಾರ್ನಿಶ್ ಮಾಡಿಸಿ ಚೇಚೀ. ನಿಮ್ಮ ಗಂಡ ಬಂದರೆ ನೆಲ ನೋಡಿಕೊಂಡೇ ಗಡ್ಡ ಹೆರೆಯಬಹುದು" ಎಂದು ನಕ್ಕ.

ಚೇಚಿ ನಗಲಿಲ್ಲ. ಮೇಲೆ ಹೋಗಿ ಅಮ್ಮೂಮ್ಮನ ಕುಳಂಬಿನ ಬಾಟಲಿ ತಂದಳು. ತನ್ನ ಬಲಗಾಲಿನ ಅಡಿಗೆ ಅದನ್ನು ಸವರಿಕೊಂಡು ಮೇಣದ ಹಲಗೆಯ ಮೇಲೆ ಊರಿದಳು. ಕಾಲು ಹಿಡಿದು ನಿಂತಿತು. ಮತ್ತೆ ಸವರಿಕೊಂಡು ವಾರ್ನಿಶಿನ ಹಲಗೆಯ ಮೇಲಿಟ್ಟಳು. ಕಾಲು ಸರ್ರನೆ ಜಾರಿತು, ನನ್ನ ಭುಜ ಹಿಡಿದುಕೊಂಡಳು.

"ಅತ್ತೆಗೋಸ್ಕರ ಇಷ್ಟು ಪರೀಕ್ಷೆ ಮಾಡೋ ಸೊಸೇನ ನಾನು ಕಂಡಿಲ್ಲಪ್ಪ" ಎಂದ ಆಶಾರಿ. ನಾನೂ ಹಾಗೆಯೇ ಅಂದುಕೊಂಡೆ.

ಚೇಚಿ ಸೆರಗಿನಿಂದ ಕಾಲೊರೆಸಿಕೊಂಡಳು. ವಾರ್ನಿಶಿನ ಹಲಗೆಯನ್ನು ತೋರಿಸಿ "ಇದೇ ಹಾಕು" ಎಂದಳು.

ಅಮ್ಮೂಮ್ಮನನ್ನು ಕೆಳಗೆ ಮಲಗಿಸಿ ಕೆಲಸ ಶುರುವಾಯಿತು. ಉಜ್ಜುವ ಮೊದಲ ದಿನ ಚೇಚಿ ನನ್ನನ್ನು ಮಹಡಿಗೆ ಕರೆದೊಯ್ದಳು. ಕಿಟಕಿಯ ಹತ್ತಿರ ಒಂದು ಹಲಗೆಯನ್ನು ಕಾಲ್ಬೆರಳಿನಿಂದ ತೋರಿಸಿ "ಇಲ್ಲಿ" ಎಂದಳು. ತುಂಬ ಹಿಂದೆ ಬಸುರಿಯಾಗಿದ್ದಾಗ ನೆಲ ತಿಕ್ಕುತ್ತ ಅಲ್ಲೇ ಅವಳಿಗೆ ಗರ್ಭ ಇಳಿದುಹೋಗಿತ್ತು. ಅಮ್ಮೂಮ್ಮ ಬಂದು ನೋಡಿ, "ಮರ ಹೀರಿಕೊಳ್ಳೋ ಮೊದಲು ಒರೆಸು" ಎಂದಿದ್ದಳಂತೆ. ಅವಳು ಒರೆಸಿದ್ದಳು… ಮತ್ತೆ ಬಸುರಾಗಲಿಲ್ಲ. ಇದನ್ನು ಹೇಳುವಾಗ ಚೇಚಿಯ ಕಣ್ಣಲ್ಲಿ ನೀರಿರಲಿಲ್ಲ.

ನೆಲ ಕೆರೆಯ ನೀರಿನ ಹಾಗೆ ಹೊಳೆಯಿತು. ಅಮ್ಮೂಮ್ಮನನ್ನು ಮೇಲೆ ಹತ್ತಿಸಿ ಕೋಣೆಗೆ ಸೇರಿಸಿದರು. ಮರುದಿನ ಕುಳಂಬು ಹಚ್ಚಿಸಿಕೊಂಡು ಹೊಸಿಲು ದಾಟಿದ್ದೇ ತಡ, ಕಾಲು ಜಾರಿತು. ಬಾಗಿಲ ಚೌಕಟ್ಟು ಸಿಕ್ಕಿದ್ದರಿಂದ ಬೀಳಲಿಲ್ಲ. ಅವಳು ನೆಲ ನೋಡಿದಳು. ಆಮೇಲೆ ಕಿಟಕಿಯ ಬಳಿ ನಿಂತಿದ್ದ ಸೊಸೆಯನ್ನು ನೋಡಿದಳು. ಮುದುಕಿ ಬುದ್ಧಿವಂತೆ, ಅರ್ಥವಾಯಿತು.

"ಅಂತೂ ನಿನಗೆ ನೆಲ ಮಾಡೋದು ಬಂತು ನೋಡು" ಎಂದು ನಕ್ಕಳು. ಚೇಚಿಯೂ ನಕ್ಕಳು. ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಲ್ಲಿಂದ ಮುಂದೆ ಕುಳಂಬು ಹಚ್ಚುವ ಕೆಲಸವನ್ನು ಕೆಲಸದವಳಿಂದ ಬಿಡಿಸಿ ಚೇಚಿ ತಾನೇ ವಹಿಸಿಕೊಂಡಳು. ಬೆರಳುಗಳ ಸಂದಿಗೆ, ಅಂಗಾಲಿಗೆ, ಒಂದಿಷ್ಟೂ ಬಿಡದೆ ಹಚ್ಚುತ್ತಿದ್ದಳು. ಒರೆಸಲು ಬಟ್ಟೆ ಕೇಳಿದರೆ "ಔಷಧಿ ಇಳಿಯಲಿ ಅಮ್ಮೇ" ಎನ್ನುವಳು. ಚಾಪೆ ಕೇಳಿದರೆ "ಹೊಳಪು ಕೆಡುತ್ತೆ" ಎನ್ನುವಳು. ಎಣ್ಣೆ ಬೇಡವೆಂದರೆ ಕಾಲು ಕಟ್ಟಿಕೊಳ್ಳುತ್ತಿತ್ತು, ಹಚ್ಚಿಸಿಕೊಂಡರೆ ನಡೆಯಲಾಗುತ್ತಿರಲಿಲ್ಲ. ಇಂಥ ಸೊಸೆ ಯಾರಿಗುಂಟು ಎಂದು ಬೀದಿಯೇ ಹೊಗಳಿತು, ರಜೆಗೆ ಬಂದ ಗಂಡನೂ ಹೊಗಳಿ ಹೋದ. ಅಮ್ಮೂಮ್ಮ ಎಲ್ಲಿ ಎಂದು ಮೀನಿನವಳು ಕೆಳಗಿನಿಂದ ಕೂಗಿದರೆ, ಚೇಚಿ ಕಿಟಕಿಗೆ ಬಂದು "ಪಾಪ, ಮಲಗಿದಾರೆ" ಎನ್ನುತ್ತಿದ್ದಳು.

ಒಮ್ಮೆ ಚೇಚಿ ಪೇಟೆಗೆ ಹೋಗಿದ್ದಾಗ ಅಮ್ಮೂಮ್ಮ ನನ್ನನ್ನು ಕರೆದಳು. "ಮೋಳೇ, ಒಲೆಯ ಬೂದಿ ತಂದು ಇಲ್ಲಿಂದ ಕಿಟಕಿಯ ತನಕ ಚೆಲ್ಲು." ಹಿಂದೆಂದೂ ಅವಳು ನನ್ನನ್ನು ಮೋಳೇ ಎಂದದ್ದಿಲ್ಲ, ಮುದ್ದೆ ಎನ್ನುತ್ತಿದ್ದಳು. ನಾನು ಬೂದಿ ತಂದು ಚೆಲ್ಲಿದೆ. ಅವಳು ಅದರ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಕಿಟಕಿ ಸೇರಿ, ಕಂಬಿ ಹಿಡಿದು, ದಾರಿಯಲ್ಲಿ ಹೋಗುವವರನ್ನೆಲ್ಲ ಬೈದಳು. ಕಂಡವರನ್ನು ಬೈಯುತ್ತಲೇ ಅತ್ತಳು.

ಚೇಚಿ ಬಂದು ಬೂದಿಯ ಮೇಲಿನ ಹೆಜ್ಜೆಗಳನ್ನು ನೋಡಿದಳು. ಮೊಣಕಾಲೂರಿ ಒದ್ದೆ ಬಟ್ಟೆಯಲ್ಲಿ ಒಂದೂ ಉಳಿಯದಂತೆ ಒರೆಸಿದಳು. ಆಮೇಲೆ ನನ್ನ ತಲೆ ಸವರಿ, "ಇನ್ನು ಮೇಲೆ ಹತ್ತಬೇಡ ಮೋಳೇ. ಮಗು ಎತ್ತಿಕೊಂಡು ಜಾರಿಬಿಟ್ಟೀಯೆ" ಎಂದಳು. ಮೆಲುದನಿಯಲ್ಲೇ ಹೇಳಿದಳು. ಮೆಟ್ಟಿಲ ಬಾಗಿಲಿಗೆ ಅಂದಿನಿಂದ ಚಿಲಕ ಬಿತ್ತು.

ಮುಂದಿನ ಮಳೆಗಾಲದಲ್ಲಿ ಅಮ್ಮೂಮ್ಮ ಆ ಕೋಣೆಯಲ್ಲೇ ತೀರಿಕೊಂಡಳು. ಹೊರುವವರಿಗಾಗಿ ಚೇಚಿ ಕೋಣೆಯ ಬಾಗಿಲಿನಿಂದ ಮೆಟ್ಟಿಲವರೆಗೆ ಚಾಪೆ ಹಾಸಿದಳು, ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ. "ಜಾರುತ್ತೆ, ನೋಡಿಕೊಂಡು ಕಾಲಿಡಿ" ಎಂದು ಒಬ್ಬೊಬ್ಬರಿಗೂ ಹೇಳಿದಳು.

ಮಾಡಿದ್ದುಣ್ಣೋ ಮಹರಾಯ ಎನ್ನುವುದನ್ನು ಕೇಳುತ್ತ ಬೆಳೆದವಳು ನಾನು. ಚೇಚಿಗೆ ಏನಾದರೂ ಆದೀತೆಂದು ಕಾದೆ. ಏನೂ ಆಗಲಿಲ್ಲ. ಗಂಡ ಊರಿಗೆ ಬಂದು ನೆಲೆಸಿದ. ಮಹಡಿಯ ಕಿಟಕಿಯಲ್ಲಿ ಕುಳಿತು ಅವಳು ಚೆನ್ನಾಗಿಯೇ ಬದುಕಿದಳು. ನಮಗೆ ಕೊಚ್ಚಿಗೆ ವರ್ಗವಾದ ಮೇಲೆ ಪ್ರತಿ ಓಣಂಗೆ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತಿ ಬಾಳೆಕಾಯಿ ಚಿಪ್ಸ್ ಹೊತ್ತು ಬರುತ್ತಿದ್ದಳು. ನಿಮ್ಮ ತಾತ ಹೋದಾಗ ಬಂದು, ನಾನು ಊಟ ಮಾಡುವ ತನಕ ತಾನೂ ತುತ್ತು ಮುಟ್ಟಲಿಲ್ಲ.

ಹೋದ ವರ್ಷ ಅವಳು ನಿದ್ದೆಯಲ್ಲೇ ಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಲೇ ಇಲ್ಲ, ಇವತ್ತಿಗೂ ಬಂದಿಲ್ಲ. ಅದನ್ನು ನೆನೆದರೆ ಭಯವಾಗುತ್ತದೆ… ಈಚೆಗೆ ಬೆಳಿಗ್ಗೆ ಏಳುವಾಗ ನನ್ನ ಮೊಣಕಾಲೂ ಹಿಡಿದುಕೊಳ್ಳುತ್ತಿದೆ. ಯಾವ ಕುಳಂಬು ಹಚ್ಚಬೇಕು, ಹೇಗೆ ನೀವಬೇಕು ಎಂಬುದು ಚೇಚಿಯಷ್ಟು ಯಾರಿಗೂ ಗೊತ್ತಿರಲಿಲ್ಲ. ಅವಳು ಇದ್ದಿದ್ದರೆ ಫೋನು ಮಾಡುತ್ತಿದ್ದೆ. ಅವಳೇ ಬಂದು ಹಚ್ಚುತ್ತಿದ್ದಳು, ನಾನು ಕಾಲು ಚಾಚುತ್ತಿದ್ದೆ.