ಇಡೀ ಸಾಲಿಗೊಂದು ಕ್ಯಾಮರಾ

ಬೆಳಗಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿದೆ. ಗೋಳಗುಮ್ಮಟದ ಹಿಂದಿನ ಓಣಿಯ ಮನೆಯೊಂದರ ಪಡಸಾಲೆಯಲ್ಲಿ ದಪ್ಪನೆಯ ಕೌದಿಯೊಂದು ಗುಡ್ಡೆಯಾಗಿ ಕೂತಿದೆ. ಒಳಗಿನಿಂದ ಕೆಮ್ಮು ಕೇಳಿಸುತ್ತದೆ. ಮೇ ತಿಂಗಳ ವಿಜಯಪುರದಲ್ಲಿ ಕೌದಿ ಹೊದ್ದು ಕೂರುವವರನ್ನು ನಾನು ಕಂಡದ್ದು ಇದೇ ಮೊದಲು. ಜೀನತ ಅವರ ತಲೆ, ಎರಡು ಕೈ, ಪ್ಲೈವುಡ್ಡಿನ ಉದ್ದನೆಯ ಪೆಟ್ಟಿಗೆ, ಎಲ್ಲವೂ ಆ ಕೌದಿಯೊಳಗಿವೆ. ಪೆಟ್ಟಿಗೆಯ ಹೊಟ್ಟೆಯಲ್ಲಿ ಉರಿಯುವ ಬ್ಯಾಟರಿ ಟಾರ್ಚು ಇದೆ. ಅದರ ಬೆಳಕು ಒಂದು ಚುಕ್ಕಿಯಷ್ಟು ಹೊರಗೆ ಕಂಡರೂ ಇವತ್ತಿನ ಕೆಲಸ ಕೆಟ್ಟಂತೆ.

"ಸಿಕ್ತು," ಎನ್ನುತ್ತಾರೆ ಒಳಗಿನಿಂದ. ಅದು ಖುಷಿಯ ದನಿಯಲ್ಲ. ಕೌದಿ ಸರಿಸಿ ಹೊರಬಂದ ಮುಖದಿಂದ ಬೆವರು ಇಳಿಯುತ್ತಿದೆ. "ಇಲ್ಲಿ ನೋಡ್ರಿ ಅಕ್ಕಾರ, ಈ ಮೂಲ್ಯಾಗ. ಸೂಜಿ ಮೊನಿ ಅಷ್ಟ ಐತಿ. ನಿನ್ನಿ ಇರಲಿಲ್ಲ ಇದು. ಖರೇನ ಹೇಳ್ತೀನಿ, ನಿನ್ನಿ ಇರಲಿಲ್ರಿ!"

ಕರಿ ಟೇಪು ಹರಿದು ಮೂಲೆಗೆ ಅಂಟಿಸುತ್ತಾರೆ. ಉಗುರಿನಿಂದ ತೀಡುತ್ತಾರೆ. ಮತ್ತೆ ಕೌದಿಯೊಳಗೆ ಹೋಗುತ್ತಾರೆ. ತಿಕೋಟಾಕ್ಕೆ ಹೋಗುವ ಮೊದಲ ಬಸ್ಸು ತಪ್ಪಿದರೆ ಬಿಸಿಲೇರುತ್ತದೆ, ಬಿಸಿಲೇರಿದರೆ ಫೋಟೋ ತೆಗೆಯಬೇಕಾದ ಅಲ್ಲಿನ ಶೆಡ್ಡಿನ ಬೆಳಕು ಬದಲಾಗುತ್ತದೆ. ಕೈಯಲ್ಲಿ ಉಳಿದಿರುವುದು ಒಂದೇ ಫಿಲ್ಮ್ ರೋಲು. ಜೀನತ ಅವರ ಆತಂಕ ಎಷ್ಟು ಅಂಟುಜಾಡ್ಯವೆಂದರೆ, ಚಹಾ ಕುಡಿಯಲು ಬಂದ ನನ್ನ ಎದೆಯಲ್ಲೂ ಅವಲಕ್ಕಿ ಕುಟ್ಟಲು ಶುರುವಾಗಿದೆ.

ಜೀನತ ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದೇ ಕೋಣೆ ಒಂದು ಕಾಲಕ್ಕೆ ಅವರ ತಂದೆ ಮಶಾಕಸಾಬರ ಫೋಟೋ ಸ್ಟುಡಿಯೋ ಆಗಿತ್ತು. ಗುಮ್ಮಟ ನೋಡಲು ಬಂದವರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಹಿಂದಿನ ಕತ್ತಲೆ ಕೋಣೆಯಲ್ಲಿ ಮಗಳು ಅವನ್ನು ತೊಳೆಯುತ್ತಿದ್ದಳು. ಫೋನುಗಳು ಬಂದವು, ಸ್ಟುಡಿಯೋ ಮುಚ್ಚಿತು, ಅಪ್ಪನೂ ಹೋದರು. ಫೋಟೋ ತೊಳೆಯುವ ಔಷಧಿಯ ಬಾಟಲಿಗಳನ್ನು ಮಾತ್ರ ಮಗಳು ಎಸೆಯಲಿಲ್ಲ.

ಈ ಪೆಟ್ಟಿಗೆ ಅವರೇ ಕಟ್ಟಿದ ಅಗಲದ ಕ್ಯಾಮರಾ. ಸಾಮಾನ್ಯ ರೋಲಿನಲ್ಲಿ ಮೂರು ಫೋಟೋ ಹಿಡಿಯುವ ಜಾಗದಲ್ಲಿ ಇದು ಒಂದೇ ಫೋಟೋ ಹಿಡಿಯುತ್ತದೆ, ಪಟ್ಟಿಯಂತೆ ಉದ್ದಕ್ಕೆ. ಇದಕ್ಕೆ ಎರಡು ಮೂತಿಗಳಿವೆ. ಒಂದರಲ್ಲಿ ಅಪ್ಪನ ಸ್ಟುಡಿಯೋ ಕ್ಯಾಮರಾದ ಹಳೆಯ ಲೆನ್ಸು, ಇನ್ನೊಂದರಲ್ಲಿ ಸೊಲ್ಲಾಪುರದ ಗುಜರಿಯಲ್ಲಿ ಸಿಕ್ಕ, ಹೆಚ್ಚು ಅಗಲ ಕಾಣುವ ಲೆನ್ಸು. ಒಂದೊಂದು ಲೆನ್ಸಿಗೆ ಎಷ್ಟು ದೂರ ಬೇಕೋ ಅಷ್ಟೇ ಆಳದ ಪ್ಲೈವುಡ್ ಮೂತಿ ಮಾಡಿದ್ದಾರೆ. ಬೇಕಾದದ್ದನ್ನು ಮುಂದೆ ಕೂರಿಸಿ ಟ್ರಂಕಿನ ಚಿಲಕ ಹಾಕಿದರಾಯಿತು. ಮೂತಿ ಬದಲಿಸುವಾಗ ಫಿಲ್ಮಿಗೆ ಬೆಳಕು ತಾಗದಂತೆ ನಡುವೆ ಒಂದು ತಗಡು ಇಳಿಯುತ್ತದೆ. ಒಳಗೆಲ್ಲ ಬುರ್ಖಾ ಹೊಲಿದು ಉಳಿದ ಕರಿಬಟ್ಟೆ. ಗುಂಡಿ ಒತ್ತುವ ಮಾತಿಲ್ಲ, ಲೆನ್ಸಿನ ಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳವಿದೆ. ಅದನ್ನು ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಹಾಕಬೇಕು. ಕೇಳಲು ಸುಲಭ. ಆದರೆ ಒಂದು ಲೆನ್ಸು ಹೇಳಿದ್ದಕ್ಕೆ ಇನ್ನೊಂದು ಒಪ್ಪದೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ, ಎರಡು ಬೇಸಿಗೆ ಕಳೆದಿವೆ. ಬಬಲೇಶ್ವರದಲ್ಲಿರುವ ತಾಯಿಯ ತವರಿನಲ್ಲಿ ಮೊದಲ ರೋಲು ಹಾಕಿ ನೋಡಿದಾಗ ಪ್ರತಿ ಫೋಟೋದಲ್ಲೂ ಮಿಂಚು ಹೊಡೆದಂತೆ ಒಂದು ಬಿಳಿ ಗೀಟು ಬಂದಿತ್ತು.

ಕೈಯಲ್ಲಿ ಫೋನಿರುವ ಕಾಲದಲ್ಲಿ ಇದೆಂಥ ಉಸಾಬರಿ ಎಂದು ನೀವು ಕೇಳಬಹುದು. ಉತ್ತರ ತಿಕೋಟಾದಲ್ಲಿದೆ.

ತಿಕೋಟಾದ ಹೊರಗೆ ಗುರುಪಾದಯ್ಯನವರ ಒಣದ್ರಾಕ್ಷಿ ಶೆಡ್ಡು. ಅದರ ಗೋಡೆಗುಂಟ ಹೆಂಗಸರು ಒಂದೇ ಸಾಲಿನಲ್ಲಿ ಕೂತು ದ್ರಾಕ್ಷಿ ಆರಿಸುತ್ತಾರೆ; ಕಡ್ಡಿ ಒಂದು ಕಡೆ, ಕಪ್ಪಾದದ್ದು ಒಂದು ಕಡೆ. ಪ್ರತಿಯೊಬ್ಬರ ಜಾಗವೂ ಗೊತ್ತಾದದ್ದು. ಅತ್ತೆ ಕೂತಲ್ಲಿ ಸೊಸೆ, ತಾಯಿ ಕೂತಲ್ಲಿ ಮಗಳು. ಯಾರಾದರೂ ಬಾಣಂತನಕ್ಕೆ ಹೋದರೆ ಆ ಜಾಗ ಖಾಲಿ ಇರುತ್ತದೆಯೇ ಹೊರತು ಪಕ್ಕದವಳು ಸರಿದು ಕೂರುವುದಿಲ್ಲ. ನಾಳೆ ಸೋಮವಾರದಿಂದ ಆ ಜಾಗದಲ್ಲಿ ಆರಿಸುವ ಯಂತ್ರ ನಿಲ್ಲುತ್ತದೆ. ಯಂತ್ರದ ಹತ್ತಿರ ನಾಲ್ಕೈದು ಮಂದಿ ಸಾಕು. ಆ ನಾಲ್ಕೈದು ಮಂದಿ ಯಾರು ಎಂದು ಗುರುಪಾದಯ್ಯ ಇನ್ನೂ ಹೇಳಿಲ್ಲ.

ಹೋಗುವ ಮುಂಚೆ ಸಾಲಿನ ಒಂದು ಫೋಟೋ ಬೇಕು ಎಂದು ಹೆಂಗಸರು ಕೇಳಿದ್ದಾರೆ. ಗುರುಪಾದಯ್ಯ ತಮ್ಮ ಫೋನನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ತೆಗೆದಿದ್ದಾರೆ. ಶೆಡ್ಡಿನ ಅಗಲ ಕಡಿಮೆ, ಹಿಂದೆ ಸರಿಯಲು ಜಾಗವಿಲ್ಲ. ಫೋನು ತಿರುಗುವಷ್ಟರಲ್ಲಿ ಇವರ ಕೈಗಳು ನಿಲ್ಲಬೇಕಲ್ಲ! ಸಾಲಿನ ಹಿರಿಯಳು ಬೋರವ್ವನಿಗೆ ಮೂರು ಕೈ ಬಂದವು. ತುದಿಯಲ್ಲಿದ್ದ ಕಾಶಿಬಾಯಿಗೆ ಮುಖವೇ ಬರಲಿಲ್ಲ. ಎಲ್ಲರೂ ನಕ್ಕರು, ಕಾಶಿಬಾಯಿ ಮಾತ್ರ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ. ಫೋಟೋದಲ್ಲಿ ಇಲ್ಲದವಳೇ ಮೊದಲು ಕೆಲಸದಿಂದ ಹೋಗುವವಳು ಎಂಬ ಮಾತು ಹೇಗೋ ಹುಟ್ಟಿಕೊಂಡಿದೆ.

ಬೋರವ್ವ ಆ ಫೋಟೋ ಹಿಡಿದು ಜೀನತ ಅವರ ಅಂಗಡಿಗೆ ಬಂದದ್ದು ಮೂರನೆಯ ಕೈ ಅಳಿಸಿಕೊಡಲಿ ಎಂದು. "ನಾ ಸುಮ್ನ ಇರಬೇಕಿತ್ರಿ," ಎನ್ನುತ್ತಾರೆ ಜೀನತ ತಿಕೋಟಾದ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ರೋಲು ಹಾಕಿದ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲೆ ಅವುಚಿಕೊಂಡು. "ಒಂದ ಸಲಕ್ಕ ಎಲ್ಲಾರನ್ನೂ ಹಿಡಿಯೂ ಕ್ಯಾಮರಾ ಮಾಡಾಕತ್ತೇನಿ ಅಂದ್ಬಿಟ್ಟೆ. ಬಾಯಿ ಜಾರಿತು. ಈಗ ಆಕಿ ಇಡೀ ಸಾಲಿಗೆ ಹೇಳ್ಯಾಳ."

ಶೆಡ್ಡಿನಲ್ಲಿ ಎಲ್ಲರೂ ಇದ್ದ ಸೀರೆಯಲ್ಲಿ ಒಳ್ಳೆಯದನ್ನು ಉಟ್ಟು ಕೂತಿದ್ದಾರೆ. ಕಾಶಿಬಾಯಿ ತುದಿಯಲ್ಲಿ, ಯಾರನ್ನೂ ನೋಡುತ್ತಿಲ್ಲ. ಮೂಲೆಯಲ್ಲಿ ಪ್ಲಾಸ್ಟಿಕ್ ಸುತ್ತಿದ ಯಂತ್ರ ನಿಂತಿದೆ. ಜೀನತ ಪೆಟ್ಟಿಗೆಯನ್ನು ಸ್ಟ್ಯಾಂಡಿಗೆ ಕಟ್ಟಿ, ಸಾಲನ್ನು ಅಳೆಯಲು ಆ ತುದಿಗೆ ಹೋಗುತ್ತಾರೆ. ಅಷ್ಟರಲ್ಲಿ ಬೋರವ್ವ ತಟ್ಟೆ ಹಿಡಿದು ಬರುತ್ತಾಳೆ. ಹೊಸ ಸಾಧನ ಶೆಡ್ಡಿಗೆ ಬಂದರೆ ಕುಂಕುಮ ಹಚ್ಚದೆ ಮುಟ್ಟುವ ಪದ್ಧತಿ ಇಲ್ಲಿಲ್ಲ. ತಕ್ಕಡಿಗೂ ಹಚ್ಚಿದ್ದಾರೆ, ಫ್ಯಾನಿಗೂ ಹಚ್ಚಿದ್ದಾರೆ. ಪೆಟ್ಟಿಗೆಯ ಬೆನ್ನಿನಲ್ಲಿ ಕೆಂಪನೆಯ ದುಂಡು ಗುರುತೊಂದು ಕಾಣುತ್ತದೆ. ಯಾರೋ ಆಗಲೇ ಜಾಗ ಗೊತ್ತುಮಾಡಿದ್ದಾರೆ ಎಂದುಕೊಂಡ ಬೋರವ್ವ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಸರಿಯಾಗಿ ಅದರ ಮೇಲೆಯೇ ಇಡುತ್ತಾಳೆ.

ಅದು ಸ್ಕೂಟರಿನ ಹಿಂದಿನ ದೀಪದ ಪ್ಲಾಸ್ಟಿಕ್ ಕತ್ತರಿಸಿ ಅಂಟಿಸಿದ ಕಿಂಡಿ. ಫಿಲ್ಮಿನ ಬೆನ್ನ ಕಾಗದದ ಮೇಲಿರುವ ಅಂಕಿಯನ್ನು ಅದರ ಮೂಲಕವೇ ನೋಡಬೇಕು. ಎಷ್ಟು ಸುತ್ತಿದ್ದೇವೆ ಎಂದು ತಿಳಿಯಲು ಬೇರೆ ದಾರಿಯೇ ಇಲ್ಲ.

"ಯವ್ವಾ, ಅದಕ್ಕ ಯಾಕ ಹಚ್ಚಿದಿ ಬೇ!" ಎಂದು ಓಡಿ ಬಂದ ಜೀನತ ಸೆರಗಿನಿಂದ ಒರೆಸುತ್ತಾರೆ. ಎಣ್ಣೆ ಇನ್ನಷ್ಟು ಹರಡುತ್ತದೆ. ಗಟ್ಟಿಯಾಗಿ ಒರೆಸುತ್ತಾರೆ. ಪ್ಲಾಸ್ಟಿಕ್ಕಿನ ಒಂದು ಅಂಚು ಟಪ್ಪೆಂದು ಒಳಗೆ ಕುಸಿಯುತ್ತದೆ.

ಜೀನತ ಅಂಗೈಯಿಂದಲೇ ಕಿಂಡಿ ಮುಚ್ಚಿ ನಿಂತುಬಿಡುತ್ತಾರೆ. ನಾನು ಟೇಪು ಹುಡುಕಿ ಕೊಡುವ ತನಕ ಆ ಕೈ ತೆಗೆಯುವುದಿಲ್ಲ. ಕರಿ ಟೇಪು ಬಿದ್ದ ಮೇಲೆ ಬೆಳಕೇನೋ ನಿಂತಿತು, ಅಂಕಿ ಕಾಣುವುದೂ ನಿಂತಿತು. ಬೋರವ್ವ ತಟ್ಟೆಯನ್ನು ನೆಲಕ್ಕಿಡುತ್ತಾಳೆ.

"ಕೆಟ್ಟದ್ದು ಮಾಡಿದ್ನೇನ ಮಗಳ? ಕುಂಕುಮ ಹಚ್ಚಿದ್ರ ಯಾರಿಗರೆ ಕೆಟ್ಟ ಆಗ್ತೈತೇನು?"

"ಇಲ್ಲ ಬೇ, ಇಲ್ಲ. ನೀ ಕುಂದ್ರು." ಹಾಗೆ ಹೇಳಿದ ಜೀನತ ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿದೆ. "ಇನ್ನ ಕುರುಡಿ ಸುತ್ತಿದಂಗ ಸುತ್ತಬೇಕ್ರಿ. ಕಡಿಮಿ ಸುತ್ತಿದ್ರ ಒಂದರ ಮ್ಯಾಲೆ ಒಂದು ಬೀಳ್ತೈತಿ. ಜಾಸ್ತಿ ಸುತ್ತಿದ್ರ ರೋಲೇ ಮುಗಿತೈತಿ."

ಮೊದಲು ಅಪ್ಪನ ಲೆನ್ಸಿನ ಮೂತಿ ಇಟ್ಟು ನೋಡುತ್ತಾರೆ. ಗುರಿ ನೋಡಲು ಮೇಲೆ ಕೂರಿಸಿದ ತಂತಿಯ ಚೌಕಟ್ಟಿನಲ್ಲಿ ಎರಡೂ ತುದಿಗಳು ಹೊರಗೆ ಉಳಿಯುತ್ತವೆ, ಕಾಶಿಬಾಯಿ ಮತ್ತೆ ಇಲ್ಲ. ತಗಡು ಇಳಿಸಿ, ಚಿಲಕ ಬಿಚ್ಚಿ, ಅಗಲದ ಮೂತಿ ಕೂರಿಸುತ್ತಾರೆ. ಒಂದು ಚಿಲಕ ಎರಡು ಸಲ ಜಾರುತ್ತದೆ. ಈಗ ಸಾಲೆಲ್ಲ ಒಳಗಿದೆ. "ಕೈ ನಿಲ್ಲಸ್ರಿ, ಉಸರು ಹಿಡೀರಿ," ಎಂದು ತಗಡು ಎಳೆದು ಮುಚ್ಚಳ ತೆಗೆಯುತ್ತಾರೆ. ಹೆಂಗಸರು ಪೊಲೀಸರ ಮುಂದೆ ಕೂತವರಂತೆ ಬಿಗಿದು ಕೂತಿದ್ದಾರೆ. ಮುಚ್ಚಳ ಹಾಕಿದ ಮೇಲೆ ಜೀನತ ಕಣ್ಣು ಮುಚ್ಚಿ, ಪೆಟ್ಟಿಗೆಗೆ ಕಿವಿ ಹಚ್ಚಿ, ಕಾಗದ ಸರಿಯುವ ಸದ್ದು ಕೇಳುತ್ತ ರೋಲು ಸುತ್ತುವ ಗುಂಡಿ ತಿರುಗಿಸುತ್ತಾರೆ. ಸಾಕೆನಿಸಿದ ಮೇಲೂ ಇನ್ನಷ್ಟು ತಿರುಗಿಸುತ್ತಾರೆ. ಇನ್ನೊಂದು ಫೋಟೋ. ಮತ್ತೆ ಅದೇ ಕುರುಡು ಸುತ್ತು.

"ಆತ್ರಿ, ನಿಮ್ಮ ಕೆಲಸ ಮಾಡ್ಕೋರಿ," ಎನ್ನುತ್ತಾರೆ ಸೋತ ದನಿಯಲ್ಲಿ.

ಕೆಲಸ ಮಾಡ್ಕೋರಿ ಎಂದದ್ದೇ ತಡ, ಕೈಗಳು ರಾಶಿಗೆ ಇಳಿಯುತ್ತವೆ. ತಲೆಗಳು ಬಾಗುತ್ತವೆ. ಕಾಶಿಬಾಯಿಯೂ ದುಃಖ ಮರೆತು ಕಡ್ಡಿ ಹೆಕ್ಕುತ್ತಾಳೆ. ರೋಲಿನಲ್ಲಿ ಇನ್ನೊಂದಕ್ಕೆ ಜಾಗ ಉಳಿದಿದೆಯೋ ಇಲ್ಲವೋ ಜೀನತ ಅವರಿಗೂ ಗೊತ್ತಿಲ್ಲ. ಯಾರಿಗೂ ಹೇಳದೆ ಮುಚ್ಚಳ ತೆಗೆಯುತ್ತಾರೆ. ನಿಧಾನಕ್ಕೆ ಹಾಕುತ್ತಾರೆ.

ಗುರುಪಾದಯ್ಯ ಚಹಾ ತರಿಸಿದ್ದಾರೆ. ಅವರೂ ಕೆಟ್ಟವರಲ್ಲ. "ನನಗೂ ಒಂದು ಕಾಪಿ ಕೊಡ್ರಿ, ಆಫೀಸಿನ್ಯಾಗ ಹಾಕ್ತೀನಿ," ಎಂದವರು, ಸಾಲಿನ ಕಡೆ ನೋಡಲಾರದೆ ಕಪ್ಪಿನೊಳಗೆ ನೋಡುತ್ತಾರೆ.

ಮಧ್ಯಾಹ್ನ ವಿಜಯಪುರದ ಮನೆಯ ಬಚ್ಚಲಿನಲ್ಲಿ ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿ ಜೀನತ ಕತ್ತಲಲ್ಲಿ ಫಿಲ್ಮು ಡಬ್ಬಿಗೆ ಸುತ್ತುತ್ತಾರೆ. ನಾನು ಹೊರಗೆ ಕೂತಿದ್ದೇನೆ. "ಅಕ್ಕಾರ, ಇದೀರೇನ್ರಿ?" ಎಂದು ಮತ್ತೆ ಮತ್ತೆ ಕೇಳುತ್ತಾರೆ. ಇದ್ದೇನೆ ಎನ್ನುತ್ತೇನೆ. ಡೆವಲಪರ್ ಹಾಕಿ ಅಲುಗಾಡಿಸುವ ಸದ್ದು, ನೀರಿನ ಸದ್ದು, ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ ಹಾಕುವ ಸದ್ದು. ಮತ್ತೆ ನೀರಿನ ಸದ್ದು. ಬಾಗಿಲು ತೆರೆಯುತ್ತದೆ.

ಒದ್ದೆ ನೆಗೆಟಿವ್ ಪಟ್ಟಿಯನ್ನು ಕಿಟಕಿಗೆ ಹಿಡಿದು ನೋಡುತ್ತೇವೆ. ಮೊದಲನೆಯದು ಪೂರಾ ಕರ್ರಗಾಗಿದೆ, ಕಿಂಡಿಯ ಬೆಳಕು ಅದನ್ನು ತಿಂದಿದೆ. ಎರಡನೆಯದರ ಒಂದು ತುದಿಯೂ ಅದೇ ಪಾಲು, ಅರ್ಧ ಸಾಲು ಮುಳುಗಿದೆ. ಜೀನತ ತುಟಿ ಕಚ್ಚಿಕೊಂಡಿದ್ದಾರೆ. ಕೊನೆಯದು ರೋಲಿನ ಅಂಚಿಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಂತಿದೆ. ಅದರಲ್ಲಿ ಯಾರೂ ನಮ್ಮ ಕಡೆ ನೋಡುತ್ತಿಲ್ಲ. ಕೈಗಳು ಒಂದಕ್ಕೊಂದು ಕಲೆತು ಹೊಗೆಯಂತಾಗಿವೆ, ಅದರ ಮೇಲೆ ಬಾಗಿದ ಮುಖಗಳು ಒಂದೊಂದೂ ನಿಚ್ಚಳ. ಜೀನತ ಬೆರಳನ್ನು ಫಿಲ್ಮಿಗೆ ತಾಗಿಸದೆ ಈ ತುದಿಯಿಂದ ಆ ತುದಿಗೆ ಒಂದೊಂದೇ ಮುಖ ದಾಟಿ ಹೋಗುತ್ತಾರೆ. ಇನ್ನೊಮ್ಮೆ ಹೋಗುತ್ತಾರೆ.

ಅಷ್ಟರಲ್ಲಿ ಫೋನು ಬರುತ್ತದೆ. ಬೋರವ್ವ. ಅವಳ ಹಿಂದೆ ಶೆಡ್ಡಿನ ಗದ್ದಲ, ಆಮೇಲೆ ಒಮ್ಮೆಲೇ ಮೌನ. ಎಲ್ಲರೂ ಕಿವಿಗೊಟ್ಟು ನಿಂತಿರಬೇಕು.

"ಚಲೋ ಬಂದೈತೇನ ಮಗಳ?"

"ಚಲೋ ಐತೋ ಇಲ್ಲೋ ನನಗ ತಿಳಿವಲ್ದು ಬೇ," ಎನ್ನುತ್ತಾರೆ ಜೀನತ. ಪಟ್ಟಿಯನ್ನು ಮತ್ತೆ ಕಿಟಕಿಗೆ ಹಿಡಿಯುತ್ತಾರೆ. ಆಮೇಲೆ ಹೇಳುತ್ತಾರೆ:

"ಎಲ್ಲಾರೂ ಬಂದೀರಿ."