ಪೊಟ್ಟಣದ ಮೇಲಿನ ಕೂಸು

ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಕಲಬುರಗಿಯ ಶಹಾಬಜಾರದ ಬುರ್ಹಾನುದ್ದೀನ್ ಸಾಹೇಬರ ಛಾಪಖಾನೆಗೆ ಉರ್ದು ಕೆಲಸ ಬರುವುದು ಕಡಿಮೆಯಾಯಿತು. ಕನ್ನಡ ಮಾತು ಅವರಿಗೆ ನೀರು ಕುಡಿದಷ್ಟು ಸಲೀಸು. ಅಕ್ಷರ ಮಾತ್ರ ಒಂದೂ ಬಾರದು. ಆದರೂ ಸೊಲ್ಲಾಪುರದಿಂದ ಕನ್ನಡದ ಅಚ್ಚಿನ ಮೊಳೆ ತರಿಸಿದರು. ಗಿರಾಕಿ ಬರೆದುಕೊಟ್ಟ ಚೀಟಿಯನ್ನು ಕಣ್ಣೆದುರಿಗಿಟ್ಟುಕೊಂಡು, ಬರೀ ಆಕಾರ ನೋಡಿ ಮೊಳೆ ಜೋಡಿಸುತ್ತಿದ್ದರು. ಏನು ಬರೆದಿದೆಯೆಂದು ಕೇಳುವುದು ಅವರ ಮರ್ಯಾದೆಗೆ ಕಡಿಮೆ. ಅಂಥ ಹಟಮಾರಿ ಮನುಷ್ಯ.

೧೯೫೧ರ ಬೇಸಿಗೆಯಲ್ಲಿ ಕಮಲಾಪುರದ ಶಿವಕಾಂತಮ್ಮ ಬಂದಳು. ಬಾಳೆಕಾಯಿ ಒಣಗಿಸಿ, ಶುಂಠಿ, ಮೆಣಸು ಸೇರಿಸಿ ಕುಟ್ಟಿ, ಜ್ವರ ಬಿಟ್ಟು ಎದ್ದವರಿಗೆಂದು ಪುಡಿ ಮಾಡುತ್ತಿದ್ದಳು. ಪೊಟ್ಟಣಕ್ಕೆ ಅಂಟಿಸಲು ಚೀಟಿ ಬೇಕಿತ್ತು. ಶಾಲೆಯ ಮಾಸ್ತರರಿಂದ ಒಕ್ಕಣೆ ಬರೆಸಿಕೊಂಡು ಬಂದಿದ್ದಳು.

"ಕಮಜೋರಿ ಇದ್ದವರಿಗೆ ಕೊಡೂ ಪುಡಿ ಅದರೀ. ಇದರಾಗ ಎಲ್ಲಾ ಬರದದ," ಎಂದಷ್ಟೇ ಹೇಳಿ ಹೋದಳು.

ಜೋಡಿಸಿ ಮುಗಿದ ಮೇಲೆ ಚೀಟಿಯ ತಲೆಗೆ ಜಾಗ ಉಳಿಯಿತು. ಖಾಲಿ ಜಾಗ ಕಂಡರೆ ಸಾಹೇಬರ ಕೈ ತುರಿಸುತ್ತಿತ್ತು. ತಾವೇ ಕಟ್ಟಿಗೆಯಲ್ಲಿ ಕೆತ್ತಿದ ಗುಂಡುಗುಂಡಾದ ನಗುವ ಕೂಸಿನ ಅಚ್ಚನ್ನು ಅಲ್ಲಿ ಕೂರಿಸಿದರು. ಯಾರೂ ಕೇಳಿರಲಿಲ್ಲ. ಬೇಡವೆಂದೂ ಯಾರೂ ಅನ್ನಲಿಲ್ಲ. ಪುಡಿ ಬಿಸಿ ಭಜಿಯಂತೆ ಖರ್ಚಾಯಿತು. ಸಾಹೇಬರು ಮೀಸೆಯಲ್ಲೇ ನಕ್ಕರು.

ಮಳೆಗಾಲ ಹಿಡಿಯುವ ಹೊತ್ತಿಗೆ ಮನೆಯಲ್ಲಿ ಮೂರು ತಿಂಗಳ ಮೊಮ್ಮಗಳು ಅಮೀನಾ ಹಾಸಿಗೆ ಹಿಡಿದಳು. ಹೊಟ್ಟೆ ಉಬ್ಬಿತ್ತು, ಭೇದಿ ನಿಲ್ಲಲೊಲ್ಲದು, ಅಳುವುದಕ್ಕೂ ತ್ರಾಣವಿಲ್ಲ. ಡಾಕ್ಟರು ಬಂದು, "ಎದಿಹಾಲು ಬಿಟ್ಟು ಮತ್ತೇನು ಕೊಟ್ಟೀರಿ?" ಎಂದು ಗದರಿದರು. ಸೊಸೆ ಜುಬೇದಾ ಒಳಗಿನಿಂದ ಶಿವಕಾಂತಮ್ಮನ ಪುಡಿಯ ಪೊಟ್ಟಣ ತಂದಿಟ್ಟಳು.

"ನನಗ ಹಾಲು ಕಡಿಮಿ ಆಗಿತ್ತು ಅಬ್ಬಾ. ಕನ್ನಡ ಓದಲಿಕ್ಕ ನನಗೆಲ್ಲಿ ಬರ್ತದ? ಆದ್ರ ಚಿತ್ರ ನೋಡಿದೆ. ನಿಮ್ಮ ಕೈಲೆ ಕೆತ್ತಿದ್ದು. ನಮ್ಮ ಅಬ್ಬಾ ಛಾಪಿಸಿದ್ದು ಸುಳ್ಳಿರ್ತದೇನು ಅಂತ ದಿನಾ ಕುಡಿಸಿದೆ."

ಸಾಹೇಬರು ಪೊಟ್ಟಣ ಹಿಡಿದುಕೊಂಡು ಎದುರಿನ ಅಂಗಡಿಯ ದೌಲಪ್ಪನ ಮುಂದೆ ನಿಂತರು. ಮರ್ಯಾದೆ ಬದಿಗಿಟ್ಟು, "ಓದಪಾ ಇದನ್ನ," ಎಂದರು.

ದೌಲಪ್ಪ ಕೊನೆಯ ಸಾಲಿಗೆ ಬಂದ. "ಎರಡು ವರ್ಷದ ಒಳಗಿನ ಕೂಸುಗಳಿಗೆ ಕೊಡಬಾರದು." ತಲೆಯೆತ್ತಿ ಕೇಳಿದ, "ನೀವೇ ಜೋಡಿಸೀರಲ್ರೀ ಸಾಹೇಬ್ರ?"

ಹೌದು, ಒಂದು ಕಾಗುಣಿತವೂ ತಪ್ಪದಂತೆ ಅವರೇ ಜೋಡಿಸಿದ್ದರು.

ಐದು ದಿನ ಯಾರಿಗೂ ಕೂಳು ಸೇರಲಿಲ್ಲ. ಆರನೆಯ ದಿನ ಅಮೀನಾ ಕಣ್ಣು ಬಿಟ್ಟು ಎದೆಗೆ ಬಾಯಿ ಹಾಕಿದಳು. ಅಂದೇ ಸಾಹೇಬರು ಮೋಟಾರು ಹತ್ತಿ ಕಮಲಾಪುರಕ್ಕೆ ಹೋದರು.

ಸುದ್ದಿ ಕೇಳಿ ಶಿವಕಾಂತಮ್ಮ ಒನಕೆ ಕೆಳಗಿಟ್ಟಳು. "ಚಿತ್ರ ನೋಡಿ ನನಗೂ ಖುಷಿ ಆಗಿತ್ತು ಅಣ್ಣಾ. ಓದೂ ಮಂದಿ ಓದ್ತಾರ ಅಂತ ಸುಮ್ಮನಾದೆ. ತಪ್ಪು ನಂದೂ ಅದ."

ಇಬ್ಬರೂ ಕೂತು ಉಳಿದ ಪೊಟ್ಟಣಗಳ ಚೀಟಿಯನ್ನೆಲ್ಲ ನೀರು ಹಚ್ಚಿ ಕಿತ್ತರು. ಮರುದಿನ ಕಲಬುರಗಿಯ ಅಂಗಡಿ ಅಂಗಡಿ ತಿರುಗಿ ಮಾಲು ಹಿಂದಕ್ಕೆ ತಂದರು. ಕೂಸಿನ ಅಚ್ಚನ್ನು ಸಾಹೇಬರು ತಾವೇ ಒಲೆಗಿಟ್ಟರು.

ಹೊಸ ಚೀಟಿಯಲ್ಲಿ ಚಿತ್ರವಿರಲಿಲ್ಲ. ಒಳಗೇನಿದೆ, ಯಾರಿಗೆ ಕೊಡಬಾರದು ಎಂಬುದು ಕನ್ನಡದಲ್ಲೂ ಉರ್ದುವಿನಲ್ಲೂ ದಪ್ಪ ಅಕ್ಷರದಲ್ಲಿತ್ತು. ಮಾರಾಟ ಅರ್ಧಕ್ಕಿಳಿಯಿತು. ಆದರೂ ಶಿವಕಾಂತಮ್ಮ ಅದೇ ಚೀಟಿ ಅಂಟಿಸಿದಳು.

ಹೊಸದಾಗಿ ಅಚ್ಚಾದ ಮೊದಲ ಚೀಟಿಯನ್ನು ಸಾಹೇಬರು ಮನೆಗೆ ತಂದು ಸೊಸೆಯ ಮುಂದೆ ಹಿಡಿದರು. "ಈಗ ಉರ್ದುನೂ ಅದ ಬೇಟಿ, ಓದು."

ಜುಬೇದಾ ಕೂಸನ್ನು ಹೆಗಲಿಗೇರಿಸಿಕೊಂಡಳು. ಚೀಟಿಯತ್ತ ನೋಡಲಿಲ್ಲ.

"ಬ್ಯಾಡ ಅಬ್ಬಾ. ಬಾಯಿಲೆ ಹೇಳ್ರಿ, ಒಳಗ ಏನೇನದ?"

ನಲವತ್ತು ವರ್ಷ ಅಚ್ಚು ಹಾಕಿದ ಮನುಷ್ಯ ಚೀಟಿ ಮಡಚಿ ಕಿಸೆಗಿಟ್ಟರು. "ಬಾಳೆಕಾಯಿ," ಎಂದು ಶುರುಮಾಡಿದರು. "ಶುಂಠಿ. ಮೆಣಸು..."